ಪಕ್ಕದವರ ಗಡಿಗೆ ಹತ್ತಿರ ಮನೆ ಕಟ್ಟುವವರಿಗೆ

ನಾನು ಹಾಸನದಲ್ಲಿ ಮನೆ ಕಟ್ಟಿಸಿಕೊಡುವ ಕೆಲಸದವನು. 30×40 ಸೈಟು ತಗೊಂಡವರು ಮೊದಲು ಕೇಳುವುದು ಒಂದೇ: "ಪಕ್ಕದಲ್ಲಿ ಎಷ್ಟು ಬಿಡಬೇಕು ಸಾರ್?" ಕಾನೂನಿನ ಅಳತೆ ಸೈಟಿನ ಉದ್ದಗಲದ ಮೇಲೆ ಹೋಗುತ್ತದೆ. ಪ್ಲಾನ್ ಮಂಜೂರು ಮಾಡುವ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಆದರೆ ಆ ಅಳತೆಯನ್ನು ಎಲ್ಲಿಂದ ಹಿಡಿಯಬೇಕು ಅನ್ನುವುದನ್ನು ಯಾರೂ ಕೇಳುವುದಿಲ್ಲ. ಜಗಳ ಜಾಸ್ತಿ ಹುಟ್ಟುವುದು ಅಲ್ಲೇ.

ಗೋಡೆಯಿಂದ ಗಡಿಗೆ 2 ಅಡಿ ಇದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಸಜ್ಜ 2 ಅಡಿ ಬಂದರೆ ಅದರ ತುದಿ ಗಡಿಯ ನೆತ್ತಿಯ ಮೇಲೇ ನಿಂತಿತು. ಜುಲೈ ಮಳೆ ಹಿಡಿದರೆ ನೀರೆಲ್ಲ ಪಕ್ಕದವರ ಅಂಗಳಕ್ಕೆ. ನೆಲದೊಳಗೂ ಹಾಗೇ. 9 ಇಂಚಿನ ಗೋಡೆಗೆ 3 ಅಡಿ ಅಗಲದ ಕಲ್ಲಿನ ಪಾಯ ಹಾಕಿದರೆ ಅದು ಗೋಡೆಗಿಂತ ಹದಿಮೂರೂವರೆ ಇಂಚು ಹೊರಗೆ ಚಾಚಿರುತ್ತದೆ. ಪಿಲ್ಲರ್ ಮನೆಯಾದರೆ ಫುಟಿಂಗು, ಅಂದರೆ ಪಿಲ್ಲರಿನ ಬುಡದ ಅಗಲವಾದ ಕಾಂಕ್ರೀಟ್ ಪಾದ, ಇನ್ನೂ ಮುಂದಕ್ಕೆ ಹೋಗಬಹುದು. ಜಾಗ ಸಾಲದು ಅಂತ ಮೇಸ್ತ್ರಿ ಕೈಲಿ ಫುಟಿಂಗನ್ನು ಸುಮ್ನೆ ಒಳಗೆ ಸರಿಸಿ ಹಾಕಿಸಬೇಡಿ. ಭಾರ ಒಂದೇ ಅಂಚಿಗೆ ಬಿದ್ದು ಅದು ವಾಲುತ್ತದೆ. ಹಾಗೆ ಸರಿಸಲೇಬೇಕಾದರೆ ಇಂಜಿನಿಯರೇ ಲೆಕ್ಕ ಹಾಕಿ, ಒಳಗಿನ ಪಿಲ್ಲರಿಗೆ ಬೀಮ್ ಕೊಟ್ಟು ಬಿಗಿಯಬೇಕು.

ಇನ್ನು ಗಡಿ ಎಲ್ಲಿ? ಹಳೇ ಬೇಲಿ, ತೆಂಗಿನ ಮರ, ಪಕ್ಕದವರ ಕಾಂಪೌಂಡು ಇವನ್ನೆಲ್ಲ ನಂಬಬೇಡಿ. ಕ್ರಯಪತ್ರದ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿಯ ವಿವರ) ಓದಿ. ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಹಾಕಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗಿ, ಸರ್ವೆಯರ್ ಬಂದು ಅಳೆದು ತೋರಿಸುತ್ತಾರೆ. ಲೇಔಟ್ ಸೈಟಾದರೆ ಮಂಜೂರಾದ ನಕ್ಷೆ ಕೈಯಲ್ಲಿರಲಿ. ಮೂಲೆಮಟ್ಟದ (ನಾಲ್ಕೂ ಮೂಲೆ 90 ಡಿಗ್ರಿ ಇರುವ) 30×40 ಸೈಟಿಗೆ ಮೂಲೆಯಿಂದ ಎದುರು ಮೂಲೆಗೆ, ಎರಡೂ ಕಡೆ, ಸರಿಯಾಗಿ 50 ಅಡಿ ಬರಬೇಕು. ಬರಲಿಲ್ಲ ಅಂದರೆ ಗೂಟ ಹೊಡೆಯಬೇಡಿ, ಮತ್ತೆ ಅಳೆಯಿರಿ.

ಪಾಯದ ಗುರುತಿಗೆ ದಾರ ಕಟ್ಟಿದ ದಿನವೇ ಪಕ್ಕದ ಮನೆಯವರನ್ನು ಕರೆಯಿರಿ. "ಅಣ್ಣಾ, ಗೋಡೆ ಇಲ್ಲಿಗೆ, ಸಜ್ಜ ಇಲ್ಲಿಗೆ" ಅಂತ ತೋರಿಸಿ. ಅವರ ಗೋಡೆಯಲ್ಲಿ ಈಗಾಗಲೇ ಇರುವ ಬಿರುಕುಗಳ ಫೋಟೋವನ್ನು ಅವರ ಎದುರಲ್ಲೇ ತೆಗೆದು, ಅವರಿಗೂ ಕಳಿಸಿ. ಇದು ಇಬ್ಬರಿಗೂ ರಕ್ಷಣೆ, ಅಲ್ವಾ?

ಪಾಯ ತೋಡುವಾಗ ನನಗೆ ನಿಜವಾಗಿ ಭಯ ಆಗುವುದು ಹಳೇ ಮಣ್ಣಿನ ಗೋಡೆ ಮನೆಗಳ ಪಕ್ಕದಲ್ಲಿ. ಅವುಗಳ ಪಾಯ ಎಷ್ಟೋ ಕಡೆ ಕಾಡುಗಲ್ಲು, ಕೆಸರು ಮಣ್ಣಿನದ್ದು, ಆಳವೂ ಕಡಿಮೆ. ಅಂಥ ಕಡೆ ಜೆಸಿಬಿ ಬಿಟ್ಟು ಉದ್ದಕ್ಕೂ ಒಂದೇ ಸಲ ತೋಡಬೇಡಿ. ಇಂಜಿನಿಯರನ್ನು ನಿಲ್ಲಿಸಿಕೊಂಡು ಆಳು ಕೈಲಿ ನಾಲ್ಕೈದು ಅಡಿ ತೋಡಿಸಿ, ಪಾಯ ಹಾಕಿ, ಆಮೇಲೆ ಮುಂದಿನ ತುಂಡು. ಅವರ ಪಾಯದ ತಳಕ್ಕಿಂತ ಕೆಳಗೆ ಹೋಗದಿದ್ದರೆ ಒಳ್ಳೆಯದು. ಪಕ್ಕದ ನೆಲಕ್ಕೆ ನಮ್ಮ ಮಣ್ಣಿನ ಆಸರೆ ಸಿಗಬೇಕು ಅನ್ನುವುದು ಅಕ್ಕಪಕ್ಕದ ಜಮೀನುಗಳ ಹಕ್ಕಿನ ಬಗ್ಗೆ ಇರುವ 1882ರ ಈಸ್‌ಮೆಂಟ್ ಕಾಯ್ದೆಯಲ್ಲೇ ಇದೆ. ಪಕ್ಕದ ಮನೆಯ ಕಿಟಕಿಗೆ 20 ವರ್ಷ ಅಡ್ಡಿಯಿಲ್ಲದೆ ಗಾಳಿ ಬೆಳಕು ಬಂದಿದ್ದರೆ ಅದೂ ಅವರ ಹಕ್ಕಾಗಬಹುದು. ಅದಕ್ಕೆ ಅಡ್ಡ ಗೋಡೆ ಎಬ್ಬಿಸುವ ಮುಂಚೆ ವಕೀಲರನ್ನು ಕೇಳಿ.

ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಇಳಿಜಾರು ಸೈಟುಗಳಲ್ಲಿ ಇನ್ನೊಂದು ಕಷ್ಟ. ಮೇಲಿನವರ ಗಡಿಯವರೆಗೂ ದರೆ (ಇಳಿಜಾರಿನ ಮಣ್ಣಿನ ದಿಬ್ಬ) ಕಡಿದು ಸಮ ಮಾಡುತ್ತಾರೆ. ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತ ದರೆ ಮಳೆಗಾಲದಲ್ಲಿ ನೀರು ಕುಡಿದು ಕುಸಿಯುತ್ತದೆ. ಕಡಿಯಲೇಬೇಕಾದರೆ ಮಳೆಗೆ ಮುಂಚೆ ತಡೆಗೋಡೆ ಮುಗಿಯಬೇಕು. ಗೋಡೆಯಲ್ಲಿ ನೀರು ಹೊರಬರಲು ಪೈಪು ಇಡಿಸಿ. ಹಿಂದೆ ಜಲ್ಲಿ ತುಂಬಿಸಿ. ಈ ಖರ್ಚನ್ನು ಮನೆಯ ಖರ್ಚಿನೊಳಗೇ ಸೇರಿಸಿಕೊಳ್ಳಿ, ಉಳಿದ ದುಡ್ಡಲ್ಲಿ ನೋಡೋಣ ಅನ್ನಬೇಡಿ.

ಕೊನೆಗೆ ಹೊರಗಿನ ಗಾರೆ. ನಮ್ಮ ಮಳೆಗೆ ಹೊರಗಡೆ ಗಾರೆಯಿಲ್ಲದ ಗೋಡೆ ನೀರು ಹೀರಿ ಒಳಗಿನ ಬಣ್ಣವನ್ನೂ ಎಬ್ಬಿಸುತ್ತದೆ. ಸಾರುವೆ ಕಟ್ಟಿ ಆಳು ನಿಲ್ಲುವಷ್ಟು ಜಾಗವನ್ನು ನಿಮ್ಮ ಸೈಟಿನಲ್ಲೇ ಉಳಿಸಿಕೊಳ್ಳಿ. ಆಗದಿದ್ದರೆ ಪಕ್ಕದವರ ಒಪ್ಪಿಗೆಯನ್ನು ಇಟ್ಟಿಗೆ ಇಳಿಸುವ ಮುಂಚೆಯೇ ಕೇಳಿ. ಗೋಡೆ ಎದ್ದ ಮೇಲೆ ಕೇಳಿದರೆ ಅವರು ಒಪ್ಪಲೇಬೇಕು ಅಂತೇನೂ ಇಲ್ಲ.