ಕಡಿಮೆ ಬಜೆಟ್‌ನ ಲ್ಯಾಪ್‌ಟಾಪ್: ಯಾವುದಕ್ಕೆ ದುಡ್ಡು ಹಾಕಿದೆ, ಯಾವುದಕ್ಕೆ ಹಾಕಲಿಲ್ಲ

ನಾನು ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇನೆ. ಸಣ್ಣ ಪುಸ್ತಕಗಳಾದರೆ ಪುಟವಿನ್ಯಾಸವೂ ನನ್ನದೇ. ಮೈಸೂರಿನ ಮನೆಯಲ್ಲೇ ಕೂತು ಮಾಡುವ ಕೆಲಸ, ಬಂಡವಾಳ ಅಂತ ಇರುವುದು ಲ್ಯಾಪ್‌ಟಾಪ್ ಒಂದೇ. 2025ರ ಬೇಸಿಗೆಯಲ್ಲಿ ಹಳೆಯದನ್ನು ಬದಲಿಸಲೇಬೇಕಾಯಿತು. ಕೈಯಲ್ಲಿದ್ದದ್ದು 30,000 ರೂಪಾಯಿ. ಅಪ್‌ಗ್ರೇಡ್ ಏನೇ ಮಾಡಿಸಿದರೂ ಅದರೊಳಗೇ ಮುಗಿಯಬೇಕಿತ್ತು.

ಬೆಲೆ ನೋಡುವ ಮುಂಚೆ ಒಂದು ಲೆಕ್ಕ ಹಾಕಿಕೊಂಡೆ. ಲ್ಯಾಪ್‌ಟಾಪ್‌ನಲ್ಲಿ ಕೆಲವು ಭಾಗಗಳನ್ನು ಆಮೇಲೆ ಬದಲಿಸಬಹುದು, ಕೆಲವನ್ನು ಆಗುವುದಿಲ್ಲ. ಪ್ರೊಸೆಸರ್ ಬೋರ್ಡಿಗೇ ಬೆಸೆದಿರುತ್ತದೆ, ಅದನ್ನು ಮುಟ್ಟುವ ಹಾಗಿಲ್ಲ. ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ) ಕೆಲವು ಮಾಡೆಲ್‌ಗಳಲ್ಲಿ ಸ್ಲಾಟ್‌ನಲ್ಲಿರುತ್ತದೆ, ಕೆಲವದರಲ್ಲಿ ಅದೂ ಬೆಸುಗೆಯೇ. ಪರದೆ, ಕೀಬೋರ್ಡ್ ಬದಲಿಸಬಹುದು, ಆದರೆ ಖರ್ಚೂ ಇದೆ, ತಲೆನೋವೂ ಇದೆ. ಕಡತಗಳು ಕೂರುವ ಎಸ್‌ಎಸ್‌ಡಿ ಬದಲಿಸುವುದು ಸಾಮಾನ್ಯವಾಗಿ ಸುಲಭ. ಹಾಗಾಗಿ ಬದಲಿಸಲು ಆಗದ್ದು ಮೊದಲಿಂದಲೇ ಚೆನ್ನಾಗಿರಬೇಕು, ಬದಲಿಸಬಹುದಾದದ್ದು ಸದ್ಯಕ್ಕೆ ಎಷ್ಟಿದ್ದರೂ ಸರಿ ಅಂತ ತೀರ್ಮಾನಿಸಿದೆ.

ಮೊದಲು ಹೊಸ ಲ್ಯಾಪ್‌ಟಾಪ್‌ಗಳನ್ನೇ ನೋಡಿದೆ. ಈ ಬೆಲೆಗೆ ಸಿಗುವವುಗಳಲ್ಲಿ ಮೇಲಿನ ಲೆಕ್ಕ ತಲೆಕೆಳಗಾಗಿರುತ್ತದೆ. ತೀರಾ ಅಗ್ಗದ್ದರಲ್ಲಿ ಸೆಲೆರಾನ್ ಎನ್4020 ಥರದ ಎರಡೇ ಕೋರ್‌ನ (ಕೋರ್ ಅಂದರೆ ಲೆಕ್ಕ ಮಾಡುವ ಘಟಕ) ಚಿಪ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್. ಈ ಇಎಂಎಂಸಿ ಅನ್ನುವುದು ಬೋರ್ಡಿಗೇ ಅಂಟಿರುವ ಸ್ಟೋರೇಜ್, ಎಸ್‌ಎಸ್‌ಡಿಗಿಂತ ಬಹಳ ನಿಧಾನ. ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳು ಕೂತ ಮೇಲೆ ಜಾಗವೇ ಉಳಿಯುವುದಿಲ್ಲ. ಸ್ವಲ್ಪ ಮೇಲೆ ಹೋದರೆ ಎಎಂಡಿ ಕಂಪನಿಯ ರೈಜನ್ 3 7320ಯು ಚಿಪ್. 7000 ಸರಣಿ ಅಂದ ತಕ್ಷಣ ಹೊಸದು ಅನ್ನಿಸುತ್ತೆ ಅಲ್ವಾ? ಆದರೆ ಎಎಂಡಿಯ ಆ ಸರಣಿಯಲ್ಲಿ ಮೂರನೇ ಅಂಕಿ ನೋಡಬೇಕು. ಅಲ್ಲಿ 2 ಇದ್ದರೆ ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ. 7530ಯುನಲ್ಲಿ ಆ ಜಾಗದಲ್ಲಿ 3 ಇದೆ, ಅದು ಝೆನ್ 3. ಹಳೆ ವಿನ್ಯಾಸ ಅನ್ನುವುದಕ್ಕಿಂತ ನನ್ನನ್ನು ತಡೆದದ್ದು ಬೇರೆ ವಿಷಯ. 7320ಯು ಜೊತೆ ಬರುವುದು ಬೆಸುಗೆಯ ಎಲ್‌ಪಿಡಿಡಿಆರ್5 ರ‍್ಯಾಮ್ ಮಾತ್ರ. 8 ಜಿಬಿ ಕೊಂಡರೆ ಕೊನೆವರೆಗೂ 8 ಜಿಬಿಯೇ. ಇಂಟೆಲ್‌ನ ಐ3 1215ಯು ಚಿಪ್ ಇರುವ ಹೊಸ ಲ್ಯಾಪ್‌ಟಾಪ್ ನನಗೆ ಇಷ್ಟವಾಗಿತ್ತು. ಅದು ಬಜೆಟ್ ದಾಟುತ್ತಿತ್ತು.

ಆಮೇಲೆ ಉಳಿದದ್ದು ಕಂಪನಿಗಳಿಂದ ಹೊರಬಂದ ಬಿಸಿನೆಸ್ ಲ್ಯಾಪ್‌ಟಾಪ್‌ಗಳು. ಬೆಂಗಳೂರಿನ ಐಟಿ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಮೆಷಿನ್‌ಗಳನ್ನು ಒಟ್ಟಿಗೆ ಬದಲಿಸುತ್ತವೆ. ಹಾಗೆ ಬಂದ ಲಾಟ್‌ಗಳು ಅಲ್ಲಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಸಾಲಾಗಿ ಕೂತಿರುತ್ತವೆ. ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು. ಮನೆಯಿಂದ ಹೊರಡುವಾಗಲೇ ಮಾಡೆಲ್ ನಿರ್ಧಾರವಾಗಿತ್ತು: ಲೆನೊವೊ ಥಿಂಕ್‌ಪ್ಯಾಡ್ ಟಿ480. 2018ರ ಮಾಡೆಲ್. ರ‍್ಯಾಮ್‌ಗೆ ಎರಡು ಸ್ಲಾಟ್, ಎರಡು ಬ್ಯಾಟರಿ, ಅದರಲ್ಲಿ ಒಂದನ್ನು ಹೊರಗಿನಿಂದಲೇ ಕಳಚಬಹುದು. ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿದರೆ ಕಥೆ ಬದಲು. ಟಿ480ಎಸ್‌ನಲ್ಲಿ ಒಂದಿಷ್ಟು ರ‍್ಯಾಮ್ ಬೆಸುಗೆ, ಒಂದೇ ಸ್ಲಾಟ್. ಮುಂದಿನ ವರ್ಷದ ಟಿ490 ಕೂಡ ಹಾಗೇ. ಎಕ್ಸ್1 ಕಾರ್ಬನ್ ಹಗುರ, ಚಂದ, ಆದರೆ ರ‍್ಯಾಮ್ ಪೂರ್ತಿ ಬೆಸುಗೆ.

ಟಿ470 ಎರಡು ಮೂರು ಸಾವಿರ ಕಡಿಮೆಗೆ ಸಿಗುತ್ತಿತ್ತು, ನೋಡಲು ಹೆಚ್ಚೂಕಡಿಮೆ ಒಂದೇ. ಆದರೂ ಬಿಟ್ಟೆ. ಇಂಟೆಲ್‌ನ 7ನೇ ಪೀಳಿಗೆಯ ಐ5 7200ಯುನಲ್ಲಿ ಎರಡೇ ಕೋರ್. 8ನೇ ಪೀಳಿಗೆಯ ಐ5 8250ಯುನಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆಗಳು). ವಿಂಡೋಸ್ 11ಕ್ಕೆ ಒಪ್ಪಿತವಾದ ಪ್ರೊಸೆಸರ್‌ಗಳ ಪಟ್ಟಿಯೂ ಇಂಟೆಲ್ ಲ್ಯಾಪ್‌ಟಾಪ್‌ಗಳ ಮಟ್ಟಿಗೆ ಹೆಚ್ಚುಕಡಿಮೆ ಅಲ್ಲಿಂದಲೇ ಶುರು. ವಿಂಡೋಸ್ 10ರ ಬೆಂಬಲ, ಅಂದರೆ ಮಾಮೂಲಿ ಭದ್ರತಾ ಅಪ್‌ಡೇಟ್‌ಗಳು, 2025ರ ಅಕ್ಟೋಬರ್ 14ಕ್ಕೆ ಮುಗಿಯುವುದು ಮೊದಲೇ ಗೊತ್ತಿತ್ತು. ಬ್ಯಾಂಕ್, ಇಮೇಲ್ ಎಲ್ಲ ಇದರಲ್ಲೇ ನಡೆಸುವವಳು ನಾನು. ಲಿನಕ್ಸ್ ಹಾಕಿಕೊಳ್ಳುವವರಿಗೆ ಟಿ470 ಇವತ್ತಿಗೂ ಒಳ್ಳೆ ವ್ಯಾಪಾರ. ನನಗೆ ‘ನುಡಿ’ ತಂತ್ರಾಂಶದ ಹಳೆ ಫಾಂಟ್‌ಗಳಲ್ಲಿರುವ ಕಡತಗಳ ಜೊತೆ ಏಗಬೇಕು, ಹಾಗಾಗಿ ವಿಂಡೋಸ್ ಬಿಡುವ ಹಾಗಿಲ್ಲ.

ಅಂಗಡಿಯ ಹುಡುಗ ಐ7 ತೋರಿಸಿದ. "ಮೇಡಂ, ಇದನ್ನೇ ತಗೊಂಡ್ಬಿಡಿ, ಇನ್ನು ಐದು ವರ್ಷ ಯೋಚ್ನೆ ಇಲ್ಲ." ಹೆಚ್ಚಿಗೆ ಕೇಳಿದ್ದು ನಾಲ್ಕು ಸಾವಿರ. ಐ5 8350ಯು ಮತ್ತು ಐ7 8650ಯು ಎರಡರಲ್ಲೂ ಕೋರ್ ನಾಲ್ಕೇ, ಥ್ರೆಡ್ ಎಂಟೇ. ಗರಿಷ್ಠ ವೇಗ 3.6 ಗಿಗಾಹರ್ಟ್ಸ್ ಬದಲು 4.2, ಕ್ಯಾಶ್ 6 ಎಂಬಿ ಬದಲು 8. ಆ ಗರಿಷ್ಠ ವೇಗವೂ ಬಿಸಿಯೇರುವ ತನಕ ಮಾತ್ರ. ಕರಡು ತಿದ್ದುವವಳಿಗೆ ಅದರಿಂದ ಏನೂ ಸಿಗುವುದಿಲ್ಲ. ಟಚ್‌ಸ್ಕ್ರೀನ್ ಕೂಡ ಬೇಡ ಅಂದೆ.

ಪರದೆಯ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಿಲ್ಲ. ಟಿ480ರಲ್ಲಿ 1366×768 ಪರದೆಯ ಪೀಸ್‌ಗಳೂ ಬಂದಿವೆ, 1920×1080 ಇರುವವೂ ಇವೆ. ಮೊದಲನೆಯದು ಅಗ್ಗ. ಇಂಗ್ಲಿಷ್ ಓದುವವರಿಗೆ ಅದು ನಡೆದೀತು. ಕನ್ನಡಕ್ಕೆ ಸಾಲದು. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ, ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಅಥವಾ ಗೀರು, ಅಷ್ಟೇ. ಅದು ಮಹಾಪ್ರಾಣವೋ ಅಲ್ಪಪ್ರಾಣವೋ ಅನ್ನುವುದು ಒಂದೆರಡು ಪಿಕ್ಸೆಲ್ ಮೇಲೆ ನಿಂತಿರುತ್ತದೆ. 14 ಇಂಚಿನಲ್ಲಿ 768ರ ಪರದೆ ಅಂದರೆ ಇಂಚಿಗೆ ಸುಮಾರು 112 ಪಿಕ್ಸೆಲ್, 1080 ಅಂದರೆ ಸುಮಾರು 157. ಈ ಅಂತರದಲ್ಲಿ ನನ್ನ ದಿನದ ಕೂಲಿ ಇದೆ. ಅಂಗಡಿಗೆ ಪೆನ್‌ಡ್ರೈವ್‌ನಲ್ಲಿ ಒಂದು ಪಿಡಿಎಫ್ ಒಯ್ದಿದ್ದೆ. 11 ಪಾಯಿಂಟ್ ಅಕ್ಷರ, ರಾಷ್ಟ್ರ, ಸ್ತ್ರೀ, ಲಕ್ಷ್ಮಿ ಥರದ ಪದಗಳು, ಮಧ್ಯೆ ಬೇಕಂತಲೇ ಅರ್ಕಾವತ್ತಿನ ಜಾಗದಲ್ಲಿ ಅಂಕಿ ೯ ಕೂರಿಸಿದ ಕೆಲವು ತಪ್ಪುಗಳು. ಹಳೆ ಫಾಂಟ್‌ನಿಂದ ಯೂನಿಕೋಡ್‌ಗೆ ತಂದ ಕಡತಗಳಲ್ಲಿ ಈ ತಪ್ಪು ಸಿಕ್ಕಾಪಟ್ಟೆ. ಒಂದು ಪುಟ ಪೂರ್ತಿ ಕಾಣುವಷ್ಟು ಚಿಕ್ಕದು ಮಾಡಿ, 1080 ಪರದೆಯಲ್ಲಿ ಅವು ಕಣ್ಣಿಗೆ ಬೀಳುತ್ತವೆಯೇ ಅಂತ ನೋಡಿದೆ. ಬಿದ್ದವು. ಪಕ್ಕದ 768ರಲ್ಲಿ ಹಿಗ್ಗಿಸದೆ ಕಾಣಲಿಲ್ಲ. ಟಿಎನ್ ಅನ್ನುವ ಥರದ ಪರದೆ ಆದರೆ ಸ್ವಲ್ಪ ತಲೆ ಸರಿಸಿದರೂ ಬಣ್ಣ ತೇಲುತ್ತದೆ. ಹಾಗಾಗದ ಐಪಿಎಸ್ ಪರದೆ ಅಂತ ಖಾತ್ರಿ ಮಾಡಿಕೊಂಡೆ. ಬಣ್ಣಗಳು ಅಂಥ ಗಾಢವೇನಲ್ಲ, ಮುಖಪುಟ ಮಾಡುವವರಿಗೆ ಇದು ಆಗುವುದಿಲ್ಲ. ನನ್ನದು ಕಪ್ಪು ಬಿಳುಪಿನ ಲೋಕ.

ಕೀಬೋರ್ಡ್ ನೋಡುವುದಕ್ಕೂ ನನ್ನದೇ ಒಂದು ಕ್ರಮ ಇದೆ. ನಾನು ಟೈಪ್ ಮಾಡುವುದು ಕಗಪ ವಿನ್ಯಾಸದಲ್ಲಿ. ಅದರಲ್ಲಿ ಪ್ರತಿ ಒತ್ತಕ್ಷರಕ್ಕೂ ಎಫ್ ಕೀ ಒತ್ತಬೇಕು. ಇಂಗ್ಲಿಷ್ ಬರೆದವರ ಕೈಯಲ್ಲಿ ಎಫ್ ಅಷ್ಟಾಗಿ ಸವೆದಿರುವುದಿಲ್ಲ, ಅದು ನಮ್ಮ ಅದೃಷ್ಟ. ಆದರೂ ಒಂದು ಪ್ಯಾರಾ ಟೈಪ್ ಮಾಡಿ ನೋಡಿದೆ. ಒಂದು ಪೀಸ್‌ನಲ್ಲಿ ಸ್ಪೇಸ್‌ಬಾರ್ ಬಲಗಡೆ ಒತ್ತಿದರೆ ಕೂರುತ್ತಿರಲಿಲ್ಲ, ಅದನ್ನು ಪಕ್ಕಕ್ಕಿಟ್ಟರು.

ಇನ್ನುಳಿದ ತಪಾಸಣೆ ಬೇಗ ಮುಗಿಯಿತು. ಬಯೋಸ್ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್) ಒಳಗೆ ಹೋಗಿ ಸೂಪರ್‌ವೈಸರ್ ಪಾಸ್‌ವರ್ಡ್ ಉಳಿದಿಲ್ಲ ಅಂತ ನೋಡಿದೆ. ಕಂಪನಿಯ ಮೆಷಿನ್‌ಗಳಲ್ಲಿ ಇದು ಉಳಿದುಬಿಟ್ಟರೆ ಥಿಂಕ್‌ಪ್ಯಾಡ್‌ನಲ್ಲಿ ತೆಗೆಯುವುದು ಸುಲಭವಲ್ಲ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿ, ಡಿಸೈನ್ ಕೆಪಾಸಿಟಿ ಎಷ್ಟು, ಈಗ ಫುಲ್ ಚಾರ್ಜ್ ಎಷ್ಟು ಅಂತ ಹೋಲಿಸಿದೆ. ಎರಡೂ ಯುಎಸ್‌ಬಿ ಸಿ ಪೋರ್ಟ್‌ಗಳಲ್ಲಿ ಚಾರ್ಜ್ ಆಗುತ್ತದೆಯೇ, ಮುಚ್ಚಳದ ಹಿಂಜ್ ಸಡಿಲವೇ, ಪರದೆಯಲ್ಲಿ ಸತ್ತ ಪಿಕ್ಸೆಲ್ ಇದೆಯೇ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡೆ. ಅಂಗಡಿಯ ವಾರಂಟಿ ಬಾಯಿಮಾತಿನಲ್ಲಿದ್ದರೆ ಅದು ವಾರಂಟಿ ಅಲ್ಲ. ಕೊನೆಗೆ ಐ5 8350ಯು, 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ, 256 ಜಿಬಿ ಎಸ್‌ಎಸ್‌ಡಿ, ಎಲ್ಲ ಸೇರಿ 19,500 ರೂಪಾಯಿ.

ಈಗ ಅಪ್‌ಗ್ರೇಡ್‌ಗೆ ಬರೋಣ. ಮನೆಗೆ ತಂದ ಕೂಡಲೇ ಏನನ್ನೂ ಕೊಳ್ಳಲಿಲ್ಲ. ಮಾಮೂಲಿ ಕೆಲಸ ಶುರು ಮಾಡಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟೆ. ಪುಟವಿನ್ಯಾಸದ ತಂತ್ರಾಂಶ, ಎರಡು ದೊಡ್ಡ ಪಿಡಿಎಫ್, ಬ್ರೌಸರ್‌ನಲ್ಲಿ ನಿಘಂಟು, ವಾಟ್ಸಾಪ್ ವೆಬ್. 8 ಜಿಬಿಯಲ್ಲಿ 7ಕ್ಕೂ ಜಾಸ್ತಿ ತುಂಬಿ, ಕಿಟಕಿ ಬದಲಿಸಿದಾಗ ತಡವರಿಸುತ್ತಿತ್ತು. ಪ್ರೊಸೆಸರ್ ಬಳಕೆ ಮಾತ್ರ ಅರ್ಧವೂ ದಾಟುತ್ತಿರಲಿಲ್ಲ. ಅಲ್ಲಿಗೆ ಯಾವುದು ಬೇಕು ಅನ್ನುವುದು ಗೊತ್ತಾಯಿತು. ಅದೇ ಡಿಡಿಆರ್4 2400ರ ಇನ್ನೊಂದು 8 ಜಿಬಿ ಕಡ್ಡಿ ಹಾಕಿದೆ, ಸುಮಾರು 1,500 ರೂಪಾಯಿ. ಎರಡು ಕಡ್ಡಿ ಇದ್ದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡೂ ಕಡ್ಡಿ ಒಟ್ಟಿಗೆ ಕೆಲಸ ಮಾಡುತ್ತವೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಇಂಥ ಮೆಷಿನ್‌ನಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಬಳಸುವುದರಿಂದ ಅದಕ್ಕೂ ಲಾಭ. ಈಗ 9, 10 ಜಿಬಿ ಹತ್ತಿರ ನಿಲ್ಲುತ್ತದೆ. 32ಕ್ಕೆ ಹೋಗುವ ಕಾರಣವೇ ಇಲ್ಲ. ಒಂದು ಮಾತು: ನಾನು ಕೊಂಡ ಮೇಲೆ, 2025ರ ಕೊನೆಯ ತಿಂಗಳುಗಳಲ್ಲಿ, ರ‍್ಯಾಮ್ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ತಯಾರಕರು ಆ ಕಡೆ ತಿರುಗಿದ್ದು ಕಾರಣ. ಹಾಗಾಗಿ ಈಗ ಕೊಳ್ಳುವವರು 16 ಜಿಬಿ ಇರುವ ಪೀಸನ್ನೇ ಕೇಳಿ. ಬಿಡಿ ಕಡ್ಡಿಗಿಂತ ಅದು ಅಗ್ಗ ಬೀಳಬಹುದು.

ಎಸ್‌ಎಸ್‌ಡಿ ಬದಲಿಸಲಿಲ್ಲ. ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್ ಆಗಿದ್ದರೆ ಮೊದಲ ದುಡ್ಡು ಅದಕ್ಕೇ ಹೋಗುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದ್ದ ಎಸ್‌ಎಸ್‌ಡಿ ತೆಗೆದು ಇನ್ನೂ ವೇಗದ್ದು ಹಾಕುವುದು ಸುಮ್ನೆ ಖರ್ಚು. ಟಿ480ರಲ್ಲಿ ಅದು ಕೂರುವ ಜಾಗಕ್ಕೆ ಪಿಸಿಐಇ 3.0ರ ಎರಡೇ ಲೇನ್ (ಡೇಟಾ ಓಡಾಡುವ ದಾರಿ) ಇದೆ. ಸೆಕೆಂಡಿಗೆ 7,000 ಎಂಬಿ ಅಂತ ಪೊಟ್ಟಣದ ಮೇಲೆ ಬರೆದದ್ದನ್ನು ತಂದು ಹಾಕಿದರೂ 2,000 ಎಂಬಿ ಮುಟ್ಟುವುದಿಲ್ಲ. ಜಾಗ ಸಾಲದಾದರೆ ಸಿಮ್ ಮೋಡೆಮ್‌ಗೆ ಬಿಟ್ಟಿರುವ ಸಣ್ಣ ಸ್ಲಾಟ್‌ನಲ್ಲಿ 2242 ಅಳತೆಯ (22 ಮಿ.ಮೀ. ಅಗಲ, 42 ಮಿ.ಮೀ. ಉದ್ದ) ಇನ್ನೊಂದು ಎಸ್‌ಎಸ್‌ಡಿ ಕೂರುತ್ತದೆ. ಸದ್ಯಕ್ಕೆ ಹಳೆ ಲ್ಯಾಪ್‌ಟಾಪ್‌ನ ಸಾಟಾ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಡಬ್ಬಿಗೆ ಹಾಕಿ ಮುಗಿದ ಪುಸ್ತಕಗಳನ್ನು ಅದರಲ್ಲಿಟ್ಟಿದ್ದೇನೆ.

ಬ್ಯಾಟರಿಗೂ ದುಡ್ಡು ಕೊಟ್ಟೆ. ಒಳಗಿನದು 24 ವ್ಯಾಟ್ ಅವರ್, ಇನ್ನೂ ಪರವಾಗಿಲ್ಲ. ಹೊರಗಿನದು ಸೋತಿತ್ತು. ಬಿಲ್ ಸಿಗುವ ಅಂಗಡಿಯಿಂದ 48 ವ್ಯಾಟ್ ಅವರ್‌ನ ಹೊಸದು ತಂದೆ, 3,000 ಆಸುಪಾಸು. 72ರದ್ದೂ ಸಿಗುತ್ತದೆ. ಎರಡೂ ಕೆಳಗೆ ಉಬ್ಬಿಕೊಂಡು ಲ್ಯಾಪ್‌ಟಾಪ್ ಎತ್ತರಿಸುತ್ತವೆ. ಇನ್ನೊಂದು ಅಗ್ಗದ ಕೆಲಸ ಥರ್ಮಲ್ ಪೇಸ್ಟ್, ಪ್ರೊಸೆಸರ್‌ನ ಬಿಸಿ ಹೊರಹೋಗಲು ಹಚ್ಚುವ ಲೇಪ. ಬಯೋಸ್‌ನಲ್ಲಿ ಒಳಗಿನ ಬ್ಯಾಟರಿ ನಿಷ್ಕ್ರಿಯ ಮಾಡುವ ಆಯ್ಕೆ ಇದೆ, ಅದನ್ನು ಒತ್ತಿ, ಹೊರ ಬ್ಯಾಟರಿ ಕಳಚಿ, ತಳ ಬಿಚ್ಚಿದೆ. ಫ್ಯಾನ್ ರೆಕ್ಕೆಗಳಲ್ಲಿ ಯಾವುದೋ ಆಫೀಸಿನ ವರ್ಷಗಟ್ಟಲೆ ಧೂಳು. ಚೊಕ್ಕಟ ಮಾಡಿ ಹೊಸ ಪೇಸ್ಟ್ ಹಚ್ಚಿದ ಮೇಲೆ ಫ್ಯಾನಿನ ಸದ್ದು ಮಧ್ಯಾಹ್ನದ ಸೆಕೆಯಲ್ಲೂ ಅಪರೂಪ.

ಉಳಿದ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ 22 ಇಂಚಿನ ಮಾನಿಟರ್ ತಂದೆ. ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಆಯಿತು. ಲ್ಯಾಪ್‌ಟಾಪ್ ಒಳಗೆ ಮಾಡಿದ ಯಾವುದಕ್ಕಿಂತಲೂ ಇದೇ ನನ್ನ ಕೆಲಸ ಬೇಗ ಸಾಗುವ ಹಾಗೆ ಮಾಡಿತು. ಎದುರು ಬದುರು ಪುಟಗಳನ್ನು ಒಟ್ಟಿಗೆ ನೋಡಿ ಅಂಚು, ಸಾಲಿನ ಮಟ್ಟ ಸರಿಮಾಡಲು ಅದು ಬೇಕೇ ಬೇಕು. ಆದರೆ ಅದೂ 1920×1080ರದ್ದೇ, ಅಷ್ಟು ದೊಡ್ಡದಾದ ಮೇಲೆ ಇಂಚಿಗೆ ನೂರು ಚಿಲ್ಲರೆ ಪಿಕ್ಸೆಲ್ ಮಾತ್ರ. ಹಾಗಾಗಿ ಪುಟ ಕಟ್ಟುವುದು ಮಾನಿಟರ್‌ನಲ್ಲಿ, ಕರಡು ಓದುವುದು ಲ್ಯಾಪ್‌ಟಾಪ್‌ನಲ್ಲಿ.