‘ಪಾಸ್’ ಅಂದರೂ ಆ ಹಾರ್ಡ್ ಡಿಸ್ಕನ್ನು ನಾನು ನಂಬಲಿಲ್ಲ

ಚಾಮರಾಜಪೇಟೆಯ ಒಂದು ಡಿಟಿಪಿ ಅಂಗಡಿಯ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಪುಸ್ತಕದ ಪುಟವಿನ್ಯಾಸ, ಲಗ್ನಪತ್ರಿಕೆ, ಸಂಘಗಳ ವಾರ್ಷಿಕ ವರದಿ, ಇಂಥ ಕೆಲಸ. ಪೇಜ್‌ಮೇಕರ್‌ನಲ್ಲಿ ನುಡಿ ಫಾಂಟ್ ಬಳಸಿ ಮಾಡಿದ ಹಳೇ ಫೈಲ್‌ಗಳು ಅಲ್ಲಿ ಇವತ್ತಿಗೂ ಬೇಕು. ಮರುಮುದ್ರಣ ಅಂತ ಯಾರಾದರೂ ಬಂದೇ ಬರುತ್ತಾರೆ. ಫೈಲ್ ಹೋದರೆ ಇಡೀ ಪುಸ್ತಕವನ್ನು ಮತ್ತೆ ಟೈಪ್ ಮಾಡಿ, ಮತ್ತೆ ಕರಡು ತಿದ್ದಬೇಕು. ಹಾಗಾಗಿ ಅಲ್ಲಿನ ಡಿಸ್ಕ್‌ಗಳ ಬಗ್ಗೆ ನನಗೆ ಕಾಳಜಿ ಜಾಸ್ತಿ.

ಕಳೆದ ಮಳೆಗಾಲದಲ್ಲಿ ಎರಡು ಕಂಪ್ಯೂಟರ್ ಒಂದೇ ಥರ ಕಾಟ ಕೊಡಲು ಶುರು ಮಾಡಿದವು. ಫೈಲ್ ತೆರೆಯಲು ಹೋದರೆ ಅರ್ಧ ನಿಮಿಷ ಹ್ಯಾಂಗ್. ಮೌಸ್ ಓಡಾಡುತ್ತದೆ, ಬೇರೇನೂ ಅಲ್ಲಾಡುವುದಿಲ್ಲ. ಆಮೇಲೆ ತಾನಾಗಿ ಸರಿಹೋಗುತ್ತದೆ. ‘ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿಬಿಡಿ’ ಅಂತ ಯಾರೋ ಹೇಳಿ ಹೋಗಿದ್ದರಂತೆ. ಡಿಸ್ಕ್ ಮೇಲೆ ಅನುಮಾನ ಇರುವಾಗ ಫಾರ್ಮ್ಯಾಟ್ ಮಾತನ್ನೇ ಎತ್ತಬಾರದು.

ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಸ್ಮಾರ್ಟ್ ಅಂತ ಅದರ ಹೆಸರು. 1990ರ ದಶಕದಿಂದ ಈ ಏರ್ಪಾಡು ಇದೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಬಳಸಿ ಅದನ್ನು ಓದಬಹುದು, ಎರಡೂ ಉಚಿತ. ನಾನು ಪೆನ್‌ಡ್ರೈವ್‌ನಿಂದ ಲಿನಕ್ಸ್ ಶುರು ಮಾಡಿ ಓದುತ್ತೇನೆ. ಹಾಗೆ ಮಾಡಿದರೆ ಅನುಮಾನದ ಡಿಸ್ಕ್ ಮೇಲೆ ವಿಂಡೋಸ್ ಸುಮ್ನೆ ಬರೆಯುತ್ತಾ ಕೂರುವುದಿಲ್ಲ.

ಮೊದಲ ಕಂಪ್ಯೂಟರ್‌ನ 1 ಟಿಬಿ ಡಿಸ್ಕ್ ಓದಿದೆ. ಒಟ್ಟು ಫಲಿತಾಂಶ: ಪಾಸ್. ಯಜಮಾನರು ಹಿಂದೆಯೇ ನಿಂತು ನೋಡುತ್ತಿದ್ದರು.

‘ಪಾಸ್ ಅಂತಾನೇ ಬರ್ತಿದೆಯಲ್ಲಪ್ಪ, ಮತ್ತೇನು?’

‘ಅದನ್ನ ನಂಬ್ಕೊಂಡು ಕೂರೋಕಾಗಲ್ಲ ಸರ್. ಕೆಳಗಿನ ಪಟ್ಟಿ ನೋಡ್ಬೇಕು.’

ಈ ‘ಪಾಸ್’ ಹೇಗೆ ಬರುತ್ತದೆ ಅಂತ ತಿಳಿದರೆ ಅದರ ಬೆಲೆ ಗೊತ್ತಾಗುತ್ತದೆ. ಪಟ್ಟಿಯ ಪ್ರತಿ ಸಾಲಿನಲ್ಲೂ ಮೂರು ವಿಷಯ ಇರುತ್ತದೆ. ಒಂದು, ತಯಾರಕರು ತಮ್ಮ ಸೂತ್ರದಂತೆ ಕೊಡುವ ಅಂಕ. ಸಾಮಾನ್ಯವಾಗಿ 100 ಅಥವಾ 200ರಿಂದ ಶುರುವಾಗಿ ಕೆಳಗೆ ಇಳಿಯುತ್ತದೆ. ಇನ್ನೊಂದು, ಆ ಅಂಕ ಎಲ್ಲಿಗೆ ಇಳಿದರೆ ಫೇಲ್ ಅನ್ನುವ ಗಡಿ. ಮೂರನೆಯದು, ನಿಜವಾದ ಎಣಿಕೆ. ಸೆಕ್ಟರ್ ಅಂದರೆ ಡಿಸ್ಕ್ ಮಾಹಿತಿ ಇಡುವ ಪುಟ್ಟ ತುಂಡು ಜಾಗ. ಓದಲಾಗದ ಸೆಕ್ಟರ್‌ಗಳನ್ನು ಎಣಿಸುವ, 197 ಅನ್ನುವ ಗುರುತಿನ ಸಂಖ್ಯೆಯ ಸಾಲಿಗೆ ಎಷ್ಟೋ ಡಿಸ್ಕ್‌ಗಳಲ್ಲಿ ಗಡಿಯನ್ನು 0 ಅಂತಲೇ ಇಟ್ಟಿರುತ್ತಾರೆ. ಅಂದರೆ ಆ ಸಾಲು ಎಷ್ಟೇ ಕೆಟ್ಟರೂ ಡಿಸ್ಕ್ ಫೇಲ್ ಅನ್ನುವುದೇ ಇಲ್ಲ! ಹಾಗಾಗಿ ನಾನು ನೋಡುವುದು ನಿಜವಾದ ಎಣಿಕೆಯನ್ನು ಮಾತ್ರ.

ನಮ್ಮ ಡಿಸ್ಕ್‌ನಲ್ಲಿ, ಈಗಾಗಲೇ ಬದಲಾಯಿಸಿದ ಸೆಕ್ಟರ್‌ಗಳನ್ನು ಎಣಿಸುವ 5ನೇ ಸಾಲಿನ ಎಣಿಕೆ 8. 197ರಲ್ಲಿ 24. ಡಿಸ್ಕ್ ತಾನೇ ತಪಾಸಣೆ ಮಾಡಿಕೊಂಡಾಗ ಓದಲಾಗದ ಸೆಕ್ಟರ್‌ಗಳನ್ನು ಎಣಿಸುವ 198ರಲ್ಲೂ 24. ಓಡಿದ ಗಂಟೆ ತೋರಿಸುವ 9ನೇ ಸಾಲಿನಲ್ಲಿ 26,000ದ ಹತ್ತಿರ. ದಿನಕ್ಕೆ ಹತ್ತು ಗಂಟೆ ಓಡುವ ಅಂಗಡಿಯಲ್ಲಿ ಅದು ಎಂಟು ವರ್ಷದ ಕೆಲಸ.

197ರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಸೆಕ್ಟರ್ ಓದುವಾಗ ತಾಳೆ ಕೂಡದಿದ್ದರೆ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮನೆ, ಅಂಗಡಿಗಳಲ್ಲಿ ಬಳಸುವ ಡಿಸ್ಕ್‌ಗಳು ಬೇಗ ಕೈಬಿಡುವುದಿಲ್ಲ. ಆ ಹ್ಯಾಂಗ್ ಬರುವುದು ಇಲ್ಲಿಂದಲೇ. ಕೊನೆಗೂ ಓದಲಾಗದಿದ್ದರೆ ಆ ಸೆಕ್ಟರ್ 197ರ ಲೆಕ್ಕಕ್ಕೆ ಸೇರುತ್ತದೆ. ಆಗಲೇ ಅದನ್ನು ಬದಲಾಯಿಸಿ ಬೇರೆ ಸೆಕ್ಟರ್ ಕೊಡಬಹುದಲ್ವಾ? ಕೊಡುವುದಿಲ್ಲ, ಯಾಕೆಂದರೆ ಒಳಗಿದ್ದ ಮಾಹಿತಿ ಇನ್ನೂ ಕೈಗೆ ಸಿಕ್ಕಿಲ್ಲ. ಮುಂದೆ ಯಾವಾಗಲಾದರೂ ಅದೇ ಜಾಗಕ್ಕೆ ಹೊಸದಾಗಿ ಬರೆದಾಗ ಡಿಸ್ಕ್ ತೀರ್ಮಾನ ಮಾಡುತ್ತದೆ. ಬರೆದದ್ದು ಸರಿಯಾಗಿ ನಿಂತರೆ ಸೆಕ್ಟರ್ ಚೆನ್ನಾಗಿದೆ ಅಂತ ಲೆಕ್ಕದಿಂದ ತೆಗೆಯುತ್ತದೆ. ನಿಲ್ಲದಿದ್ದರೆ ಮೀಸಲು ಜಾಗದಿಂದ ಬೇರೆ ಸೆಕ್ಟರ್ ಕೊಟ್ಟು 5ನೇ ಸಾಲನ್ನು ಏರಿಸುತ್ತದೆ.

ಇದು ಗೊತ್ತಿರುವುದು ಬೆಂಗಳೂರಿನಂಥ ಊರಲ್ಲಿ ಮುಖ್ಯ. ಮಳೆ ಬಂದಾಗ ಕರೆಂಟ್ ಹೋಗಿ ಬಂದು ಮಾಡುತ್ತದೆ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಡಿಸ್ಕ್ ಬರೆಯುತ್ತಿರುವಾಗಲೇ ಕರೆಂಟ್ ಹೋಗಬಹುದು. ಅರ್ಧ ಬರೆದ ಸೆಕ್ಟರ್ ಕೂಡ ಓದಲಾಗದೆ 197ಕ್ಕೆ ಸೇರುತ್ತದೆ, ಆದರೆ ಡಿಸ್ಕ್‌ಗೆ ಏನೂ ಆಗಿರುವುದಿಲ್ಲ. ಒಂದೇ ಸಲ ನೋಡಿದ ಸಂಖ್ಯೆಯಿಂದ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ. ಸಂಖ್ಯೆ ಏರುತ್ತಿದೆಯಾ, ನಿಂತಿದೆಯಾ ಅನ್ನುವುದೇ ಪ್ರಶ್ನೆ. ನಮ್ಮ ಎಣಿಕೆಗಳೆಲ್ಲ 8ರ ಗುಣಕಗಳು ಅನ್ನುವುದಕ್ಕೂ ಕಾರಣ ಇದೆ. ಈಗಿನ ಎಷ್ಟೋ ಡಿಸ್ಕ್‌ಗಳ ಒಳಗಿನ ಸೆಕ್ಟರ್ 4,096 ಬೈಟ್. ಹೊರಗೆ ತೋರಿಸುವುದು 512 ಬೈಟ್. ಒಳಗೆ ಒಂದು ಕೆಟ್ಟರೆ ಹೊರಗೆ ಎಂಟು ಕೆಟ್ಟ ಹಾಗೆ ಕಾಣುತ್ತದೆ.

ಏರುತ್ತದೋ ಇಲ್ಲವೋ ಅಂತ ಕಾದು ನೋಡುವ ಮೊದಲು ಕಾಪಿ ಆಗಬೇಕು. 2007ರಲ್ಲಿ ಗೂಗಲ್‌ನ ಇಂಜಿನಿಯರ್‌ಗಳು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದರು. ಡಿಸ್ಕ್ ತನ್ನ ಮೇಲ್ಮೈಯನ್ನು ತಾನೇ ತಪಾಸಣೆ ಮಾಡುವಾಗ ಸಿಗುವ ದೋಷಕ್ಕೆ ಸ್ಕ್ಯಾನ್ ದೋಷ ಅನ್ನುತ್ತಾರೆ. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ ಮುಂದಿನ 60 ದಿನದಲ್ಲಿ ಕೆಡುವ ಸಂಭವ, ದೋಷ ಇಲ್ಲದ ಡಿಸ್ಕ್‌ಗಿಂತ 39 ಪಟ್ಟು ಜಾಸ್ತಿ ಅಂತ ಅವರಿಗೆ ಕಂಡಿತು. ಇನ್ನೊಂದು ಮಾತನ್ನೂ ಅವರೇ ಹೇಳಿದ್ದಾರೆ. ಕೆಟ್ಟ ಡಿಸ್ಕ್‌ಗಳಲ್ಲಿ ಶೇ. 56ರಷ್ಟು, ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಕೆಟ್ಟಿದ್ದವು. ಹಾಗಾಗಿ ಸ್ಮಾರ್ಟ್ ಚೆನ್ನಾಗಿದ್ದರೂ ಬ್ಯಾಕಪ್ ತಪ್ಪಿಸುವ ಹಾಗಿಲ್ಲ.

ಕಾಪಿಗೆ ನಾನು ಬಳಸಿದ್ದು ಲಿನಕ್ಸ್‌ನ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ. ವಿಂಡೋಸ್‌ನಲ್ಲಿ ಫೋಲ್ಡರ್ ಎಳೆದು ಹಾಕಿದರೆ ಮೊದಲ ಕೆಟ್ಟ ಜಾಗದಲ್ಲೇ ಕಾಪಿ ನಿಂತು ಹೋಗುತ್ತದೆ. ಡಿಡಿರೆಸ್ಕ್ಯೂ ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಬರುತ್ತದೆ. ಎಲ್ಲೆಲ್ಲಿ ಏನಾಯಿತು ಅನ್ನುವುದನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಆದ್ದರಿಂದ ಮಧ್ಯೆ ನಿಲ್ಲಿಸಿದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಹೊಸ ಡಿಸ್ಕ್‌ಗೆ ಎಲ್ಲಾ ಬಂತು, 8 ಕೆಬಿ ಮಾತ್ರ ಸಿಗಲಿಲ್ಲ. ಆ 8 ಕೆಬಿ ಯಾವ ಫೈಲ್‌ಗೆ ಸೇರಿದ್ದು ಅಂತ ಗೊತ್ತಾಗಬೇಕಲ್ವಾ? ಕಾಪಿಯಲ್ಲಿ ಸಿಗದೆ ಉಳಿದ ಜಾಗಕ್ಕೆ ಗುರುತಿನ ಪದವೊಂದನ್ನು ತುಂಬಲು ಅದೇ ಡಿಡಿರೆಸ್ಕ್ಯೂನಲ್ಲಿ ಅವಕಾಶ ಇದೆ. ಆಮೇಲೆ ಎಲ್ಲಾ ಫೈಲ್‌ಗಳಲ್ಲಿ ಆ ಪದ ಹುಡುಕಿದೆ. ಸಿಕ್ಕಿದ್ದು ಹಳೆಯ ಲಗ್ನಪತ್ರಿಕೆಯೊಂದರ ಚಿತ್ರ. ಪುಸ್ತಕಗಳೆಲ್ಲ ಸುರಕ್ಷಿತ. ಯಜಮಾನರ ಮುಖ ಅರಳಿತು, ನನಗೂ ಜೀವ ಬಂದ ಹಾಗಾಯಿತು.

ಆಮೇಲೆ ಹಳೇ ಡಿಸ್ಕ್‌ನ ವಿಚಾರಣೆ. ಪೂರ್ತಿ ಸೊನ್ನೆ ಬರೆದೆ. 197 ಇಳಿದು 0 ಆಯಿತು, 5ನೇ ಸಾಲು 8ರಿಂದ 24ಕ್ಕೆ ಏರಿತು. ಅಂದರೆ ಕೆಟ್ಟಿದ್ದ ಮೂರು ಜಾಗಗಳಲ್ಲಿ ಎರಡು ನಿಜಕ್ಕೂ ಕೆಟ್ಟಿದ್ದವು. ಒಂದು ಬರೀ ಅರ್ಧ ಬರೆದದ್ದಿರಬಹುದು. ಬಳಿಕ ಡಿಸ್ಕ್ ತಾನೇ ಮಾಡಿಕೊಳ್ಳುವ ದೀರ್ಘ ಪರೀಕ್ಷೆ ಶುರು ಮಾಡಿದೆ. ಈ ಪರೀಕ್ಷೆ ಕೊನೆಯವರೆಗೂ ಓಡಿದರೆ ಅಂಥ ಡಿಸ್ಕ್‌ಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ಇದು ಕೊನೆ ಮುಟ್ಟಲೇ ಇಲ್ಲ. ಹೊಸ ಜಾಗವೊಂದರಲ್ಲಿ ಓದುವ ದೋಷ ಅಂತ ನಿಂತಿತು, 197 ಮತ್ತೆ 8. ಕರೆಂಟ್ ಒಂದು ಸಲವೂ ಹೋಗಿರಲಿಲ್ಲ. ಹೊಸ ಜಾಗಗಳು ಕೆಡುತ್ತಿರುವ ಡಿಸ್ಕ್ ಅದು. ಕೆಲಸಕ್ಕೆ ಇಡುವ ಮಾತೇ ಇಲ್ಲ. ಆಗಲೂ ಒಟ್ಟು ಫಲಿತಾಂಶ ‘ಪಾಸ್’ ಅಂತಲೇ ಇತ್ತು.

ಎರಡನೇ ಕಂಪ್ಯೂಟರ್ ಕಥೆ ಬೇರೆ. ಹ್ಯಾಂಗ್ ಅದೇ ಥರ, ಆದರೆ 5, 197, 198 ಮೂರೂ ಸೊನ್ನೆ. 199ನೇ ಸಾಲಿನಲ್ಲಿ ಮಾತ್ರ 412. ಈ ಸಾಲು ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವೆ ಮಾಹಿತಿ ಓಡಾಡುವಾಗ ಆದ ತಪ್ಪುಗಳನ್ನು ಎಣಿಸುತ್ತದೆ. ಬಹಳ ಸಲ ತಪ್ಪು ಕೇಬಲ್‌ನದು. ತೆಗೆದು ನೋಡಿದರೆ ಕೇಬಲ್ ಚೂಪಾಗಿ ಮಡಚಿಕೊಂಡಿತ್ತು, ತುದಿಯೂ ಸಡಿಲ. ಎಸ್‌ಪಿ ರೋಡ್‌ನಿಂದ ಲಾಕ್ ಇರುವ ಸಾಟಾ ಕೇಬಲ್ ತಂದು ಹಾಕಿದೆ. ಕೇಬಲ್ ಬದಲಾಯಿಸಿದರೂ 199 ಸೊನ್ನೆಗೆ ಮರಳುವುದಿಲ್ಲ. ಇದನ್ನು ತಿಳಿಯದೆ ಒಳ್ಳೇ ಡಿಸ್ಕ್ ಎಸೆದವರನ್ನು ನೋಡಿದ್ದೇನೆ. ನಮ್ಮದು 412ರಲ್ಲೇ ನಿಂತಿದೆ. ಹೊಸ ಡಿಸ್ಕ್ ಬೇಕಾಗಲಿಲ್ಲ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಬಳಸುವವರಿಗೆ ಒಂದು ಮಾತು. ಅದು ಎಣಿಕೆಯನ್ನು ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಅಲ್ಲಿ 18 ಅಂದರೆ 24. ಸಾಲಿನ ಸಂಖ್ಯೆಗಳೂ ಹಾಗೇ, 197 ಅಲ್ಲಿ ಸಿ5, 199 ಸಿ7. ಎಣಿಕೆಯನ್ನು ದಶಮಾಂಶಕ್ಕೆ ಬದಲಾಯಿಸಲು ಮೆನುವಿನಲ್ಲೇ ಅವಕಾಶ ಇದೆ. ಸೀಗೇಟ್ ಡಿಸ್ಕ್ ಇದ್ದರೆ 1 ಮತ್ತು 7ನೇ ಸಾಲಿನ ಕೋಟಿಗಟ್ಟಲೆ ಸಂಖ್ಯೆ ನೋಡಿ ಹೆದರಬೇಡಿ. ಮಾಡಿದ ಒಟ್ಟು ಕೆಲಸದ ಎಣಿಕೆಯೂ ಅದರಲ್ಲಿ ಸೇರಿರುತ್ತದೆ.

ಅಂಗಡಿಯ ಹೊಸ ಕಂಪ್ಯೂಟರ್‌ನಲ್ಲಿ ತಿರುಗುವ ಡಿಸ್ಕ್ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎನ್‌ವಿಎಂಇ ಎಸ್‌ಎಸ್‌ಡಿ ಇದೆ. ಅಲ್ಲಿ ಈ ಸಾಲುಗಳು ಇಲ್ಲ. ಎಷ್ಟು ಶೇಕಡಾ ಸವೆದಿದೆ, ಮೀಸಲು ಎಷ್ಟು ಉಳಿದಿದೆ, ಮಾಹಿತಿ ದೋಷ ಎಷ್ಟು ಅಂತ ನೇರವಾಗಿ ಹೇಳುತ್ತದೆ. ಸರಿಯಾಗಿ ಆಫ್ ಆಗದೆ ಕರೆಂಟ್ ಹೋದದ್ದು ಎಷ್ಟು ಸಲ ಅನ್ನುವ ಎಣಿಕೆಯೂ ಅಲ್ಲಿದೆ. ಅದು ವಾರ ವಾರ ಏರುತ್ತಿರುವುದನ್ನು ಯಜಮಾನರಿಗೆ ತೋರಿಸಿದೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂತು, ಎಣಿಕೆ ಏರುವುದು ನಿಂತಿತು.