ತಿಂಗಳ ಲೆಕ್ಕ ಬಿಟ್ಟು ಸೆಮಿಸ್ಟರ್ ಲೆಕ್ಕ ಹಿಡಿದ ಬಗೆ

ಹಾವೇರಿ ಜಿಲ್ಲೆಯ ಒಕ್ಕಲುತನದ ಮನೆಯಿಂದ 2022ರಲ್ಲಿ ಬಿ.ಎಸ್ಸಿ. ಓದಲು ಧಾರವಾಡಕ್ಕೆ ಬಂದಾಗ ಖರ್ಚುವೆಚ್ಚದ ಬಗ್ಗೆ ನನಗೆ ಸಿಕ್ಕ ಸಲಹೆಗಳೆಲ್ಲ ತಿಂಗಳ ಸಂಬಳದ ಮನೆಗಳಿಗೆ ಒಪ್ಪುವಂಥವು. ನಮ್ಮ ಮನೆಗೆ ದುಡ್ಡು ತಿಂಗಳಿಗೊಮ್ಮೆ ಬರುವುದಿಲ್ಲ. ಗೋವಿನಜೋಳ ಮಾರಿದಾಗ ದೀಪಾವಳಿಯ ಆಸುಪಾಸಿನಲ್ಲಿ ಒಮ್ಮೆ, ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದಾಗ ಫೆಬ್ರುವರಿ-ಮಾರ್ಚಿನಲ್ಲಿ ಇನ್ನೊಮ್ಮೆ ಬರುತ್ತದೆ. ಆದ್ದರಿಂದ ನಾನು ಸೆಮಿಸ್ಟರ್ ಪೂರ್ತಿಗೆ ಒಂದೇ ಲೆಕ್ಕ ಹಾಕುವ ಕ್ರಮ ಹಿಡಿದೆ. ಕಾಲೇಜು ಶುಲ್ಕ, ಪರೀಕ್ಷಾ ಶುಲ್ಕ ಮತ್ತು ಕೋಣೆಯ ಬಾಡಿಗೆಯನ್ನು ಮೊದಲು ಕಳೆದು, ಉಳಿದದ್ದನ್ನು ಸೆಮಿಸ್ಟರಿನ ವಾರಗಳಿಗೆ ಹಂಚುತ್ತಿದ್ದೆ.

ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ನಾನು ಓದುವಾಗ ತಿಂಗಳಿಗೆ ₹1,500ರಂತೆ ಹತ್ತು ತಿಂಗಳ ಊಟ-ವಸತಿ ನೆರವು ಸಿಗುತ್ತಿತ್ತು. ಇದಕ್ಕೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಹಣವು ಆಧಾರ್ ಜೋಡಣೆಯಾದ ಖಾತೆಗೇ ಜಮೆಯಾಗುತ್ತದೆ, ಮತ್ತು ಈ ಜೋಡಣೆ ಒಂದು ಸಲಕ್ಕೆ ಒಂದೇ ಬ್ಯಾಂಕಿನೊಂದಿಗೆ ಇರುತ್ತದೆ. ಹೊಸ ಖಾತೆ ತೆರೆಯುವಾಗ ಕೇಳಿದ ಕಡೆಯಲ್ಲೆಲ್ಲ ಒಪ್ಪಿಗೆ ಕೊಟ್ಟರೆ ಜೋಡಣೆ ಅಲ್ಲಿಗೆ ಹೋಗಿಬಿಡಬಹುದು. ಈ ಹಣ ಖಾತೆಗೆ ಬೀಳುವವರೆಗೆ ಅದನ್ನು ನಾನು ಲೆಕ್ಕದಲ್ಲಿ ಬರೆಯುತ್ತಿರಲಿಲ್ಲ, ಏಕೆಂದರೆ ಮಂಜೂರಾದ ಹಣಕ್ಕೂ ಜಮೆಯಾದ ಹಣಕ್ಕೂ ನಡುವೆ ಒಂದು ಇಡೀ ಸೆಮಿಸ್ಟರೇ ಕಳೆದುಹೋಗಬಹುದು.

ಆಧಾರ್ ಜೋಡಣೆಯಿದ್ದ ಆ ಖಾತೆಗೆ ಯುಪಿಐ ಜೋಡಿಸಲಿಲ್ಲ. ಅದರಿಂದ ಪ್ರತಿ ಸೋಮವಾರ ನಿಗದಿತ ಮೊತ್ತವು ಮೊಬೈಲಿನಲ್ಲಿ ಬಳಸುವ ಇನ್ನೊಂದು ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಟ್ಟೆ. ಗುರುವಾರಕ್ಕೇ ಖಾಲಿಯಾದರೆ ಸೋಮವಾರದವರೆಗೆ ಕ್ಯಾಂಟೀನಿನ ಚಹಾ ಬಂದ್. ಪ್ರತಿ ರೂಪಾಯಿಯನ್ನು ಡೈರಿಯಲ್ಲಿ ಬರೆಯುವ ಶಿಸ್ತಿಗಿಂತ ಈ ವ್ಯವಸ್ಥೆ ನನಗೆ ಹೆಚ್ಚು ಒಗ್ಗಿತು.

ದೊಡ್ಡ ಉಳಿತಾಯ ಆದದ್ದು ಊಟದಲ್ಲಿ. ಖಾನಾವಳಿಯಲ್ಲಿ ತಿಂಗಳ ಹಣ ಕಟ್ಟಿದರೆ ಒಂದು ಊಟದ ದರ ಅಗ್ಗವೆಂದು ತೋರುತ್ತದೆ, ಆದರೆ ಊರಿಗೆ ಹೋದ ದಿನಗಳ ಹಣ ವಾಪಸಾಗುವುದಿಲ್ಲ. ನಾನು ಹಬ್ಬ, ಕಾರಹುಣ್ಣಿಮೆ, ಕೊಯ್ಲು ಎಂದು ಆಗಾಗ ಊರಿಗೆ ಹೋಗುವವಳಾದ್ದರಿಂದ ರಾತ್ರಿಯ ಊಟಕ್ಕಷ್ಟೇ ಬಿಡಿ ಹಣ ಕೊಡುತ್ತಿದ್ದೆ. ಉಳಿದ ಹೊತ್ತಿಗೆ ಅವ್ವ ಕಟ್ಟಿಕೊಡುತ್ತಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ವಾರಗಟ್ಟಲೆ ಕೆಡದೆ ಉಳಿಯುತ್ತಿದ್ದವು. ಮೊಸರು, ಸೌತೆಕಾಯಿ ಕೊಂಡರೆ ಸಾಕಾಗುತ್ತಿತ್ತು. ಕೋಣೆಯ ಗೆಳತಿಯರು ನನಗಿಂತ ಮೊದಲು ನನ್ನ ಚಟ್ನಿ ಡಬ್ಬಿಯ ಹಾದಿ ಕಾಯುತ್ತಿದ್ದರೆಂಬುದು ಬೇರೆ ಮಾತು.

ಗುರಿಗಳ ವಿಷಯದಲ್ಲಿ ನಾನು ಪಾಲಿಸಿದ ನಿಯಮವೆಂದರೆ, ತಾರೀಖು ಮತ್ತು ಮೊತ್ತ ಎರಡನ್ನೂ ಬರೆಯಲಾಗದ್ದನ್ನು ಹಣದ ಪುಸ್ತಕದಲ್ಲಿ ಬರೆಯಬಾರದು ಎಂಬುದು. ಐಐಟಿಗಳಲ್ಲಿ ಎಂ.ಎಸ್ಸಿ. ಪ್ರವೇಶಕ್ಕೆ ನಡೆಯುವ ಜಾಮ್ ಪರೀಕ್ಷೆ ಬರೆಯುವುದು ನನ್ನ ಮುಖ್ಯ ಗುರಿಯಾಗಿತ್ತು. ಪರೀಕ್ಷೆ ಫೆಬ್ರುವರಿಯಲ್ಲಿದ್ದರೂ ಅರ್ಜಿ ತುಂಬುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಬೀಜ-ಗೊಬ್ಬರಕ್ಕೆ ಸುರಿದು ಕೈ ಬರಿದಾಗಿರುತ್ತದೆ, ಪೀಕು ಇನ್ನೂ ಹೊಲದಲ್ಲಿರುತ್ತದೆ. ಶುಲ್ಕದ ಮಾತೆತ್ತಿದರೆ ಅವ್ವನ ಬಂಗಾರ ಒತ್ತೆಗೆ ಹೋಗುವ ಕಾಲವೇ ಅದು. ಮಹಿಳೆಯರಿಗೆ ಈ ಪರೀಕ್ಷೆಯ ಶುಲ್ಕದಲ್ಲಿ ರಿಯಾಯಿತಿ ಇದೆಯಾದರೂ ಪುಸ್ತಕ, ಪ್ರಯಾಣ ಸೇರಿದರೆ ಸಣ್ಣ ಮೊತ್ತವಾಗಿ ಉಳಿಯುವುದಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಊರಿಗೆ ಹೋಗಿಬರುವ ಬಸ್ ಚಾರ್ಜು ಉಳಿಯತೊಡಗಿತು. ಉಳಿದದ್ದು ವಾರದ ಖರ್ಚಿನಲ್ಲಿ ಕರಗುವ ಮೊದಲೇ ಆ ಆಗಸ್ಟಿನಲ್ಲಿ ಬ್ಯಾಂಕಿನಲ್ಲಿ ತಿಂಗಳಿಗೆ ₹500ರ ಒಂದು ವರ್ಷದ ಆರ್.ಡಿ. (ತಿಂಗಳಿಗೊಮ್ಮೆ ನಿಗದಿತ ಹಣ ಕಟ್ಟುತ್ತಾ ಹೋಗುವ ಠೇವಣಿ) ತೆರೆದೆ. ಅಂಚೆ ಕಚೇರಿಯಲ್ಲಿ ₹100ರಿಂದಲೇ ಆರ್.ಡಿ. ಮಾಡಬಹುದು, ಆದರೆ ಅದರ ಅವಧಿ ಐದು ವರ್ಷ. ಮೂರು ವರ್ಷದ ಪದವಿಗೆ ಬಂದವಳಿಗೆ ಅದು ಹೊಂದುವುದಿಲ್ಲ. ಬ್ಯಾಂಕಿನದು 2024ರ ಆಗಸ್ಟಿನಲ್ಲಿ ಕೈಗೆ ಬಂತು: ₹6,000 ಅಸಲು ಮತ್ತು ಒಂದಿಷ್ಟು ಬಡ್ಡಿ. ಬಡ್ಡಿಗಿಂತ ಬಂದ ಸಮಯ ಮುಖ್ಯವಾಗಿತ್ತು. ಮನೆಗೆ ಫೋನ್ ಮಾಡದೆಯೇ ಅರ್ಜಿ ತುಂಬಿದೆ.

ಎರಡನೆಯ ಗುರಿಯಾಗಿ ಬರೆದಿದ್ದ ಲ್ಯಾಪ್‌ಟಾಪ್ ಮಾತ್ರ ಪ್ರತಿ ಸೆಮಿಸ್ಟರಿನಲ್ಲೂ ಮುಂದಿನ ಪುಟಕ್ಕೆ ಹೋಗುತ್ತಿತ್ತು. ನನ್ನ ವಿಷಯಗಳಿಗೆ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಸಾಲುತ್ತಿದ್ದುದರಿಂದ, ಎಂ.ಎಸ್ಸಿ. ಪ್ರವೇಶ ಸಿಕ್ಕ ಮೇಲೆಯೇ ಕೊಳ್ಳುವುದೆಂದು ನಿಶ್ಚಯಿಸಿ ಅದರ ಹೆಸರಿನಲ್ಲಿ ಇನ್ನೊಂದು ಆರ್.ಡಿ. ಶುರು ಮಾಡಿದೆ.